ತಳ ತೊಳೆಯದ ಗಡಿಗಿ

ಸಗರದಲ್ಲಿ ಕೋಳಿ ಇನ್ನೂ ಕೂಗುತ್ತಲೇ ಇದೆ, ಗೊಲ್ಲಾಳಮ್ಮ ಆಗಲೇ ಮಣ್ಣಿನ ಗಡಿಗೆಗೆ ಕಿವಿ ಹಚ್ಚಿ ಕೂತಿದ್ದಾಳೆ. ಒಳಗೆ ನಿನ್ನೆ ಕಲಸಿಟ್ಟ ಜೋಳದ ಹಿಟ್ಟು ಗುಳುಗುಳು ಅನ್ನುತ್ತಿದೆ. "ಎದ್ದದ ನೋಡ್ರಿ!" ಎಂದು ನಗುತ್ತಾಳೆ. ಹುಳಿಬಂದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ತಿರುವುತ್ತಾಳೆ. ಗಡಿಗೆಯ ತಳದಲ್ಲಿ ಒಂದು ಬೊಗಸೆ ಮಾತ್ರ ಉಳಿಸುತ್ತಾಳೆ, ಸಂಜೆ ಅದರ ಮೇಲೆಯೇ ನಾಳೆಯ ಹಿಟ್ಟು ಕಲಸಬೇಕು. ಅದು ಅತ್ತೆ ಮುದುಕಮ್ಮ ಬಿಟ್ಟುಹೋದ ಹುಳಿ.

ಕಾಲುವೆಗೆ ನೀರು ಬಂದ ಮೇಲೆ ಇಲ್ಲಿ ಭತ್ತದ ನಾಟಿ ಹೆಚ್ಚಿತು, ಕೆಸರಿನಲ್ಲಿ ಬೆನ್ನು ಬಗ್ಗಿಸುವ ಹೆಣ್ಣಾಳುಗಳೂ ಹೆಚ್ಚಿದರು. ಗಂಡ ತೀರಿದಾಗ ಗೊಲ್ಲಾಳಮ್ಮನ ಮಗನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅಂಬಲಿ ಮಾರಲು ತಲೆಮೇಲೆ ಹೊತ್ತು ಗದ್ದೆ ಬದುವಿಗೆ ನಡೆದಳು. ಈಗಲೂ ದಿನಕ್ಕೆ ನಾಲ್ಕು ಸೇರು ಹಿಟ್ಟು, ಅರವತ್ತು ಲೋಟ, ಐದು ಮೈಲಿ ನಡಿಗೆ.

ಎದುರಾಳಿಯೂ ಮನೆಯಲ್ಲೇ ಇದ್ದಾಳೆ! ಸೊಸೆ ಪಾರ್ವತೆಮ್ಮ ಹಿಟ್ಟು ಬೇಯಿಸಿ, ಆರಿಸಿ, ಮೊಸರು, ಜೀರಿಗೆ, ಕೊತ್ತಂಬರಿ ಬೆರೆಸಿ ಸ್ಟೀಲ್ ಕ್ಯಾನಿಗೆ ತುಂಬುತ್ತಾಳೆ. ಎರಡು ತಾಸಿನ ಕೆಲಸ. ಬೆಳ್ಳಗಿನ ಆ ತಂಪು ಅಂಬಲಿ ಅಂದರೆ ಶಹಾಪುರ ಬಸ್‌ಸ್ಟ್ಯಾಂಡಿನ ಕಾಲೇಜು ಹುಡುಗಿಯರಿಗೆ ಪಂಚಪ್ರಾಣ. ಅತ್ತೆಯದೋ ಮೂಗಿಗೇರುವ ಹುಳಿ, ಒಂದು ಲೋಟ ಕುಡಿದರೆ ಮಧ್ಯಾಹ್ನದವರೆಗೆ ಹಸಿವಿನ ಸುದ್ದಿಯಿಲ್ಲ. "ಸೊಸಿದು ಚೊಲೋ ಅದರಿ, ಸುಳ್ಳ್ಯಾಕ ಹೇಳ್ಲಿ? ಆದ್ರ ಅದು ಬಾಯಿಗೆ. ನಂದು ದುಡಿಯೋ ರಟ್ಟಿಗೆ," ಎನ್ನುತ್ತಾಳೆ ಗೊಲ್ಲಾಳಮ್ಮ.

ಹೋದ ಮಳೆಗಾಲ ಗೊಲ್ಲಾಳಮ್ಮ ಯಾದಗಿರಿಯ ದವಾಖಾನೆಗೆ ಹೋಗಿದ್ದಳು. ಹೊಸದಾಗಿ ಬಂದ ಸೊಸೆ ಉಪಕಾರ ಮಾಡಲು ಹೋಗಿ ಗಡಿಗೆಗೆ ಬೂದಿ ಹಾಕಿ ಗಸಗಸ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿಬಿಟ್ಟಳು! ಮೂವತ್ತೆರಡು ವರ್ಷ ಬರಿದಾಗದ ತಳ ಪಳಪಳ ಹೊಳೆಯುತ್ತಿತ್ತು. ದವಾಖಾನೆಯಿಂದ ಬಂದ ಗೊಲ್ಲಾಳಮ್ಮ ಗಡಿಗೆಯ ಮುಂದೆ ಅಳುತ್ತ ಕೂತಳು. "ಅತ್ತಿನ್ನ ಎರಡನೇ ಸಲ ಕಳಕೊಂಡಂಗಾತ್ರಿ." ಬಾಗಿಲ ಹಿಂದೆ ಸೊಸೆಯೂ ಅಳುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಮದೀನಾಬೀ ತುಂಬಿದ ಬಟ್ಟಲು ಹಿಡಿದು ಬಂದಳು. ಹುಳಿ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ಈ ಓಣಿಯ ರೂಢಿ. ಬೇಸಿಗೆಯಲ್ಲಿ ಗೊಲ್ಲಾಳಮ್ಮನೇ ಅವಳಿಗೆ ಒಂದು ಸೌಟು ಕೊಟ್ಟಿದ್ದಳು, ಮದೀನಾಬೀ ಅದನ್ನು ಸಾಕಿಕೊಂಡಿದ್ದಳು. "ಯಾಕ ಅಳ್ತಿ ಗೊಲ್ಲಾಳಕ್ಕ? ನಿಮ್ಮತ್ತಿ ನಮ್ಮ ಮನ್ಯಾಗ ಆರಾಮ ಕುಂತಾಳ ತಗೋ!" ಅಳುತ್ತಿದ್ದವರು ನಕ್ಕುಬಿಟ್ಟರು. ಮರುದಿನ ಎಂದಿನಂತೆ ಗದ್ದೆಗೆ ಅಂಬಲಿ ಹೋಯಿತು.

ಈಗ ಪಾರ್ವತೆಮ್ಮ ಏಳು ತಿಂಗಳ ಬಸುರಿ, ಇವತ್ತು ಸುರಪುರದ ತವರಿಗೆ ಹೊರಟಿದ್ದಾಳೆ. ಕುಬಸದ ಶಾಸ್ತ್ರಕ್ಕೆ ಬಂದ ಸೀರೆಗಳ ನಡುವೆ, ಯಾರೂ ಹೇಳದಿದ್ದರೂ, ಒಂದು ಬಾಟಲಿ ಹುಳಿ ಇಟ್ಟುಕೊಂಡಿದ್ದಾಳೆ. ಅದು ಕಣ್ಣಿಗೆ ಬಿದ್ದದ್ದೇ ಗೊಲ್ಲಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬಾಟಲಿಯ ಮುಚ್ಚಳ ತುಸು ಸಡಿಲ ಮಾಡುತ್ತಾಳೆ.

"ಬಿಗಿ ಹಾಕಬ್ಯಾಡವ್ವಾ, ಉಸಿರಾಡ್ಲಿ. ಮತ್ತ ಅಲ್ಲಿ ಯಾರರ ಕೇಳಿದ್ರ ಇಲ್ಲ ಅನಬ್ಯಾಡ."