ಓದದೆ ಒತ್ತಿದ ಎಂಟರ್

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಟೀಚರಿಗೆ ತಮ್ಮ ಹತ್ತು ಬೆರಳುಗಳ ಮೇಲಿದ್ದಷ್ಟು ನಂಬಿಕೆ ಲೋಕದಲ್ಲಿ ಇನ್ನು ಯಾರ ಮೇಲೂ ಇರಲಿಲ್ಲ. ವಯಸ್ಸು ಐವತ್ತಾರು. ಮಂಡಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಕಣ್ಣು ದೂರಕ್ಕೊಂದು, ಹತ್ತಿರಕ್ಕೊಂದು ಎಂದು ಎರಡು ಕನ್ನಡಕ ಬೇಡುತ್ತಿತ್ತು. ಬೆರಳುಗಳು ಮಾತ್ರ ಹತ್ತೊಂಬತ್ತರ ಹರೆಯದಲ್ಲೇ ನಿಂತುಬಿಟ್ಟಿದ್ದವು. ಕೀಲಿಮಣೆಯ ಕಡೆ ಕಣ್ಣು ಹಾಯಿಸುವ ವಿದ್ಯಾರ್ಥಿಗಳನ್ನು ಕಂಡರೆ, ಬಾಯಿ ಎಲ್ಲಿದೆಯೆಂದು ಕನ್ನಡಿಯಲ್ಲಿ ನೋಡಿಕೊಂಡು ಉಣ್ಣುವವರನ್ನು ಕಂಡಂತೆ ಅವರಿಗೆ ಮರುಕವಾಗುತ್ತಿತ್ತು.

ಅವರ ಇನ್ನೊಂದು ನಿಯಮ ಇದಕ್ಕಿಂತ ಕಟ್ಟುನಿಟ್ಟು. ಟೈಪ್ ಮಾಡುವವರು ಓದಕೂಡದು. ಓದಿದರೆ ಅರ್ಥವಾಗುತ್ತದೆ, ಅರ್ಥವಾದರೆ ಯೋಚನೆ ಬರುತ್ತದೆ, ಯೋಚನೆ ಬಂದರೆ ವೇಗ ಕೆಡುತ್ತದೆ.

ಇದನ್ನು ಅವರು ಕಲಿತದ್ದು ಮೊದಲ ಕೆಲಸದಲ್ಲಿ, ಒಬ್ಬ ಹಿರಿಯ ವಕೀಲರ ಕಚೇರಿಯಲ್ಲಿ. ಈ ಹುಡುಗಿಯ ಕೈಗೆ ಯಾರ ಉಯಿಲನ್ನಾದರೂ ಕೊಡಬಹುದು, ಯಾರಿಗೆ ಏನು ಬಂತೆಂದು ಅವಳಿಗೇ ಗೊತ್ತಿರುವುದಿಲ್ಲ ಎಂದು ವಕೀಲರು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಏಳು ವರ್ಷದ ಮೇಲೆ ಅವರ ಆರೋಗ್ಯ ಕೆಟ್ಟು ಕಚೇರಿ ಮುಚ್ಚುವ ಹೊತ್ತು ಬಂತು. ಒಂದು ಬೆಳಿಗ್ಗೆ ವಕೀಲರು ಕಿಟಕಿಯ ಕಡೆ ಮುಖ ಮಾಡಿ ನಿಂತು, ಮತ್ತೆ ಮತ್ತೆ ಗಂಟಲು ಸರಿಮಾಡಿಕೊಳ್ಳುತ್ತ ಒಂದು ಪತ್ರ ಹೇಳಿದರು. ಟೀಚರ್ ಅದನ್ನು ಮೂರು ಪ್ರತಿ ಟೈಪ್ ಮಾಡಿ, ಕಾರ್ಬನ್ ತೆಗೆದು, ಸಹಿಗೆ ಇಟ್ಟು, ಚಹಾ ಕುಡಿಯಲು ಹೋದರು. ವಾಪಸು ಬಂದಾಗ ಗುಮಾಸ್ತ ಕಣ್ಣೊರೆಸಿಕೊಳ್ಳುತ್ತಿದ್ದ. ಏನಾಯಿತೆಂದು ಕೇಳಿದರೆ, ನಿಮ್ಮನ್ನು ಕೆಲಸದಿಂದ ಬಿಡಿಸಿದ್ದಾರಲ್ಲ, ಪತ್ರ ನೀವೇ ಟೈಪ್ ಮಾಡಿದ್ದೀರಿ ಎಂದ. ಟೀಚರ್ ಈ ಕಥೆಯನ್ನು ಪ್ರತಿ ತಂಡಕ್ಕೂ ಮೊದಲ ದಿನವೇ ಹೇಳುತ್ತಿದ್ದರು, ಅದೂ ಹೆಮ್ಮೆಯಿಂದ. ಮೂರು ಪ್ರತಿಯಲ್ಲಿ ಒಂದೂ ತಪ್ಪಿರಲಿಲ್ಲ ಎನ್ನುವುದು ಕಥೆಯ ನೀತಿ. ಅದರಲ್ಲಿ ಬೇರೊಂದು ನೀತಿಯೂ ಇರಬಹುದೆಂದು ಅವರಿಗೆ ಮೂವತ್ತು ವರ್ಷ ಹೊಳೆದಿರಲಿಲ್ಲ.

ಆಮೇಲೆ ಹುಟ್ಟಿದ್ದು ಈ ಶಾಲೆ. ಉದ್ದನೆಯ ಒಂದು ಕೋಣೆ, ಸಾಲಾಗಿ ಎಂಟು ಟೈಪ್‌ರೈಟರು, ಗೋಡೆಗೆ ಗಡಿಯಾರ. ಹಿಂದಿನ ಪುಟ್ಟ ಕೋಣೆಯಲ್ಲಿ ಅವರ ತಮ್ಮ ಯಂತ್ರಗಳ ರಿಪೇರಿ ಮಾಡುತ್ತಿದ್ದ. ಅಂಗಿಯ ಜೇಬಿನಲ್ಲಿ ಯಾವಾಗಲೂ ಬಿಡಿಭಾಗ ತುಂಬಿಕೊಂಡಿರುತ್ತಿದ್ದ ಅವನನ್ನು ವಿದ್ಯಾರ್ಥಿಗಳು ಸ್ಪ್ರಿಂಗು ಎಂದೇ ಕರೆಯುತ್ತಿದ್ದರು. ಕಾಲ ಬದಲಾದ ಹಾಗೆ ಎಂಟು ಟೈಪ್‌ರೈಟರು ಐದಾದವು. ಕಲಿತು ಹೋದ ನರ್ಸ್ ಒಬ್ಬಳು ತನ್ನ ಹಳೆಯ ನೆಟ್‌ಬುಕ್ ಕಂಪ್ಯೂಟರನ್ನು ಪ್ರೀತಿಯಿಂದ ತಂದುಕೊಟ್ಟಳು. ಅದು ಮಕ್ಕಳ ಸ್ಲೇಟಿಗಿಂತ ತುಸು ದೊಡ್ಡದು, ಅಷ್ಟೆ. ಟೀಚರ್ ಎರಡು ವರ್ಷ ಕೂತು, ಅಲ್ಲಿ ಇಲ್ಲಿ ಸಿಕ್ಕ ಹಾಳೆಗಳಿಂದ ನಕಲಿಳಿಸಿಕೊಂಡಿದ್ದ ತಮ್ಮ ಮುನ್ನೂರ ನಲವತ್ತು ಅಭ್ಯಾಸ ಪಾಠಗಳನ್ನೂ ಅದರೊಳಗೆ ತುಂಬಿಸಿದರು. ತುಂಬಿಸಿ ಮುಗಿದ ದಿನ ಕಾಗದದ ಪ್ರತಿಗಳನ್ನೆಲ್ಲ ಕಟ್ಟಿ ರದ್ದಿಯವನಿಗೆ ಕೊಟ್ಟುಬಿಟ್ಟರು. ಒಂದು ಕಟ್ಟಾದರೂ ಇರಲಿ ಎಂದ ತಮ್ಮನಿಗೆ, ನೀನಿನ್ನೂ ಹಿಂದಿನ ಶತಮಾನದಲ್ಲಿದ್ದೀಯ ಎಂದು ಬುದ್ಧಿ ಹೇಳಿದರು.

ತಾಪತ್ರಯ ಶುರುವಾದದ್ದು ಪರೀಕ್ಷಾ ಕಚೇರಿಯವರು ಅಭ್ಯಾಸದ ಪುಟವನ್ನು ಇಂಟರ್ನೆಟ್ಟಿಗೆ ಹಾಕಿದಾಗ. ನೆಟ್‌ಬುಕ್ಕನ್ನು ನಡೆಸುವ ಮೂಲ ಪ್ರೋಗ್ರಾಂ, ಅಂದರೆ ಅದರ ಸಿಸ್ಟಂ, ಹಳೆಯದು; ಅದರಲ್ಲಿ ಆ ಪುಟ ತೆರೆಯುತ್ತಲೇ ಇರಲಿಲ್ಲ. ಹೊಸ ಸಿಸ್ಟಂ ಹಾಕಿದರೆ ಪಾಠಗಳ ಹಳೆಯ ಅಕ್ಷರದ ಪ್ರೋಗ್ರಾಂ ನಡೆಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಕೆಳಗಿನ ಜೆರಾಕ್ಸ್ ಅಂಗಡಿಯವನು ಅದಕ್ಕೊಂದು ದಾರಿ ಹೇಳಿದ. ಅವನೂ ಒಂದು ಕಾಲಕ್ಕೆ ಟೀಚರ ವಿದ್ಯಾರ್ಥಿಯೇ. ಟೈಪಿಂಗ್ ಕೈಹತ್ತದೆ ಬಿಟ್ಟು, ಅಂಗಡಿ ಇಟ್ಟು, ಕಂಪ್ಯೂಟರ್ ಕೆಲಸ ಕಲಿತವನು. ಒಂದೇ ಮನೆಯಲ್ಲಿ ಅತ್ತೆ ಸೊಸೆ ಬೇರೆ ಬೇರೆ ಒಲೆ ಹೂಡಿದ ಹಾಗೆ ಒಂದೇ ನೆಟ್‌ಬುಕ್ಕಿನಲ್ಲಿ ಎರಡು ಸಿಸ್ಟಂ ಇಡಬಹುದು, ಆನ್ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ ಎಂದ. ಪೆನ್‌ಡ್ರೈವಿನಲ್ಲಿ ಹೊಸ ಸಿಸ್ಟಂ ಹಾಕಿ, ಒಂದು ಹಾಳೆಯಲ್ಲಿ ಕ್ರಮ ಬರೆದು, ಸಂಜೆ ತಾನೇ ಬಂದು ಮಾಡಿಕೊಡುತ್ತೇನೆ ಎಂದೂ ಹೇಳಿದ. ಪಾಸಾಗದ ವಿದ್ಯಾರ್ಥಿಯಿಂದ ಮಾಡಿಸಿಕೊಳ್ಳುವುದೇ? ಟೀಚರ್ ಹಾಳೆಯನ್ನೂ ಪೆನ್‌ಡ್ರೈವನ್ನೂ ಇಸಿದುಕೊಂಡು ಮೆಟ್ಟಿಲು ಹತ್ತಿದರು.

ಮಧ್ಯಾಹ್ನದ ಎರಡು ತಂಡಗಳ ನಡುವಿನ ಬಿಡುವಿನಲ್ಲಿ ಕೆಲಸ ಹಿಡಿದರು. ಮೊದಲರ್ಧ ಹೂವೆತ್ತಿದ ಹಾಗೆ ಆಯಿತು. ಆನ್ ಆಗುವ ಕ್ಷಣದಲ್ಲಿ ಒತ್ತಬೇಕಾದ ಕೀಯನ್ನು ಸರಿಯಾಗಿ ಒತ್ತಿದರು. ಪೆನ್‌ಡ್ರೈವಿನಿಂದ ಹೊಸ ಸಿಸ್ಟಂ ಎದ್ದು ಕೂತಿತು. ಆಮೇಲೆ ಒಂದು ತೊಡಕು. ಹಾಳೆಯಲ್ಲಿ ‘ಕೆಳಗಿನ ಬಟನ್ ಒತ್ತಿ’ ಎಂದಿತ್ತು. ನೆಟ್‌ಬುಕ್ಕಿನ ಪರದೆ ಎಷ್ಟು ಗಿಡ್ಡವೆಂದರೆ, ಪ್ರಶ್ನೆ ಕೇಳುವ ಚೌಕದ ತಳವೇ ಪರದೆಯಾಚೆ ಹೋಗಿ, ಬಟನ್ನು ಕಣ್ಣಿಗೇ ಬೀಳುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೆಳಗಿನ ಅಂಗಡಿಗೆ ಕೂಗು ಹಾಕುತ್ತಿದ್ದರು. ಟೀಚರ್ ನಕ್ಕರು. ಮೂವತ್ತೇಳು ವರ್ಷ ಕೀಲಿಮಣೆಯನ್ನೇ ನೋಡದವರಿಗೆ ಒಂದು ಬಟನ್ ನೋಡಬೇಕೆ? ಬೆನ್ನು ನೆಟ್ಟಗೆ ಮಾಡಿ, ಮಣಿಕಟ್ಟು ಎತ್ತಿ, ಟ್ಯಾಬ್ ಒತ್ತಿದರು, ಕೆಳಬಾಣ ಒತ್ತಿದರು, ಇನ್ನೆರಡು ಟ್ಯಾಬ್ ಒತ್ತಿ ಎಂಟರ್ ಹೊಡೆದರು. ನೆಟ್‌ಬುಕ್ ಇನ್ನೊಮ್ಮೆ ಏನೋ ಕೇಳಿತು. ಮತ್ತೆ ಎಂಟರ್. ಒಂದು ಗೀಟು ಎಡದಿಂದ ಬಲಕ್ಕೆ ಬೆಳೆಯತೊಡಗಿತು. ಟೀಚರ್ ಕೈಕಟ್ಟಿ ಕೂತು, ಇಷ್ಟಕ್ಕೆ ಅವನೇಕೆ ಬರಬೇಕಿತ್ತು ಎಂದುಕೊಂಡರು.

ಗೀಟು ತುಂಬಿತು. ನೆಟ್‌ಬುಕ್ ಆರಿ ಮತ್ತೆ ಹತ್ತಿ, ಯಾವುದು ಬೇಕೆಂದು ಕೇಳದೆ ನೇರ ಹೊಸ ಸಿಸ್ಟಂಗೇ ಹೋಯಿತು. ಪರದೆ ಆಗತಾನೆ ಸುಣ್ಣ ಬಳಿದ ಬಾಡಿಗೆ ಮನೆಯ ಹಾಗೆ ಚೊಕ್ಕಟವಾಗಿ, ಖಾಲಿಯಾಗಿ ಹೊಳೆಯುತ್ತಿತ್ತು. ಟೀಚರ್ ಹತ್ತಿರದ ಕನ್ನಡಕ ಹಾಕಿಕೊಂಡು ಪಾಠಗಳನ್ನು ಹುಡುಕಿದರು. ದೂರದ ಕನ್ನಡಕ ಹಾಕಿಕೊಂಡು ಹುಡುಕಿದರು. ಒಂದು ಸಲ ನೆಟ್‌ಬುಕ್ಕನ್ನು ಎತ್ತಿ ಅದರ ಅಡಿಗೂ ನೋಡಿದರು. ಇದನ್ನು ಹೇಳದೆ ಬಿಡಬಹುದಿತ್ತು, ಆದರೆ ಅವರೇ ಎಲ್ಲರಿಗೂ ಹೇಳಿಕೊಂಡಿದ್ದಾರೆ. ಕೊನೆಗೆ ಹಿಂದಿನ ಕೋಣೆಗೆ ಹೋಗಿ ತಮ್ಮನ ಮುಂದೆ ನಿಂತು, ಪಾಠಗಳೆಲ್ಲ ಅಳಿಸಿಹೋದವು ಎಂದರು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

“ಅಕ್ಕ, ಅಳಿಸೋ ಮುಂಚೆ ಅದು ಏನೂ ಕೇಳಲಿಲ್ವಾ?”

“ಕೇಳಿರಬೇಕು.”

“ನೀನೇನಂದೆ?”

“ಹೂಂ ಅಂದೆ.”

“ಎಷ್ಟು ಸಲ?”

“ಎರಡು ಸಲ.”

ತಮ್ಮ ನಗಬಾರದೆಂದು ತುಟಿ ಕಚ್ಚಿಕೊಂಡ. ಮೊದಲು ನಗು ಬಂದದ್ದು ಟೀಚರಿಗೇ. ನಗುತ್ತ ನಗುತ್ತ ಸ್ಟೂಲಿನ ಮೇಲೆ ಕೂತವರಿಗೆ ಕಣ್ಣಲ್ಲಿ ನೀರೂ ಬಂತು. ಅದರಲ್ಲಿ ನಗುವಿನದೆಷ್ಟು, ಉಳಿದದ್ದೆಷ್ಟು ಎಂದು ತಮ್ಮ ಕೇಳಲಿಲ್ಲ. ಜೆರಾಕ್ಸ್ ಅಂಗಡಿಯವನು ಓಡಿ ಬಂದು ನೋಡಿದ. ಹಳೆಯದರ ಪಕ್ಕದಲ್ಲಿ ಕೂರಿಸು ಎನ್ನುವುದರ ಕೆಳಗೇ ಎಲ್ಲ ಅಳಿಸಿ ಕೂರಿಸು ಎಂದೂ ಇರುತ್ತದೆ, ಕೆಳಬಾಣ ಒತ್ತಿದ್ದರಿಂದ ಅದೇ ಆಯ್ಕೆಯಾಗಿದೆ ಎಂದು ವಿವರಿಸಿದ. ಹಳೆಯದರ ಮೇಲೆ ಹೊಸದು ಬರೆದಾಗಿದೆ, ಕೆದಕಿದರೆ ಚೂರುಪಾರು ಸಿಗಬಹುದೇ ಹೊರತು ಪಾಠ ಸಿಗುವುದಿಲ್ಲ ಎಂದ.

ಮರುದಿನ ಬೆಳಗಿನ ತಂಡಕ್ಕೆ ಕೊಡಲು ಪಾಠವಿಲ್ಲ. ಟೀಚರ್ ಟೈಪ್‌ರೈಟರಿನ ಮುಂದೆ ಕೂತು ಒಂದು ಪಾಠವನ್ನಾದರೂ ನೆನಪಿಸಿಕೊಳ್ಳಲು ನೋಡಿದರು. ಒಂದು ಸಾಲೂ ಬರಲಿಲ್ಲ. ಬರುವುದಾದರೂ ಹೇಗೆ? ಒಂದನ್ನಾದರೂ ಓದಿದ್ದರೆ ತಾನೆ! ಅಷ್ಟರಲ್ಲಿ ತಮ್ಮ ಬಂದು, ಏಣಿಯನ್ನು ಚಪ್ಪಲಿ ಅಂಗಡಿಯವರಿಗೆ ಎರವಲು ಕೊಟ್ಟಿದ್ದೇನೆ ಎಂದ. ಏಣಿ ಹೋದರೆ ತಿಂಗಳಾದರೂ ಬರುವುದಿಲ್ಲ ಎಂಬ ಹಳೆಯ ಜಗಳ ಮತ್ತೆ ಹತ್ತಿಕೊಂಡಿತು. ಟೀಚರ್ ಅವನ ಕಡೆ ಕತ್ತು ತಿರುಗಿಸಿ, ಅಮ್ಮ ಇದ್ದ ಕಾಲದಿಂದ ಅವನು ಕೊಟ್ಟು ಕಳೆದ ಸಾಮಾನುಗಳ ಪಟ್ಟಿ ಹೇಳತೊಡಗಿದರು. ಪಟ್ಟಿ ಮುಗಿಯುವ ಮೊದಲು ತಮ್ಮ ಮೆಲ್ಲಗೆ ಟೈಪ್‌ರೈಟರಿನ ಕಡೆ ಬೆರಳು ತೋರಿಸಿದ. ಹಾಳೆಯ ಮೇಲೆ ನಲವತ್ತೊಂದನೇ ಪಾಠ, ತಲೆಬರಹದಿಂದ ವಂದನೆಯವರೆಗೆ, ಅಚ್ಚುಕಟ್ಟಾಗಿ ಬಂದು ಕೂತಿತ್ತು.

ತಲೆಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು. ಅಂದಿನಿಂದ ತಮ್ಮ ದಿನಾ ಒಂದು ಸ್ಟೂಲು ಎಳೆದುಕೊಂಡು ಅಕ್ಕನ ಪಕ್ಕ ಕೂತು ಬೇಕೆಂದೇ ಕಾಲು ಕೆರೆದು ಜಗಳ ತೆಗೆಯತೊಡಗಿದ. ಟೀಚರ್ ಜಗಳದಲ್ಲಿ ಮುಳುಗಿದರೆ ಪಾಠ ಬರುತ್ತಿತ್ತು. ಏನು ಬರುತ್ತಿದೆ ಎಂದು ಇಣುಕಿದರೆ ನಿಂತುಬಿಡುತ್ತಿತ್ತು. ಮೂರು ವಾರದಲ್ಲಿ ಇನ್ನೂರ ಹನ್ನೊಂದು ಪಾಠ ಬಂದವು. ಉಳಿದವಕ್ಕೆ ಅವನ ಹತ್ತಿರ ಜಗಳದ ಸರಕೇ ಖಾಲಿಯಾಯಿತು.

ಹಾಗೆ ಬಂದ ಹಾಳೆಗಳನ್ನು ಜೋಡಿಸಲು ಕೂತಾಗ ಟೀಚರ್ ತಮ್ಮ ಪಾಠಗಳನ್ನು ಹುಟ್ಟಿದ ಮೇಲೆ ಮೊದಲ ಸಲ ಓದಿದರು. ಓದುತ್ತ ಹೋದ ಹಾಗೆ ಕಿವಿ ಬಿಸಿಯಾಯಿತು. ಮೂವತ್ತನೇ ಪಾಠದಲ್ಲಿ ಕಾಲವಾದ ಮ್ಯಾನೇಜರು ಮೂವತ್ತೆರಡರಲ್ಲಿ ರಜೆ ಕೇಳಿ ಅರ್ಜಿ ಹಾಕಿದ್ದ. ಐವತ್ತನೇ ಪಾಠದ ಹಡಗು ರೈಲ್ವೆ ನಿಲ್ದಾಣಕ್ಕೆ ಬಂದು ತಲುಪುತ್ತಿತ್ತು. ಎಂಬತ್ತೆಂಟನೆಯದು ಮರಗೆಲಸದವರಿಗೆ ಬರೆದ ಪತ್ರ. ತಾವು ಕಳಿಸಿದ ನಾಲ್ಕು ಮೇಜುಗಳ ಹದಿನೆಂಟು ಕಾಲುಗಳೂ ಸುಸ್ಥಿತಿಯಲ್ಲಿವೆ ಎಂದು ಅದರಲ್ಲಿತ್ತು.

ಟೀಚರ್ ಆ ಸಾಲನ್ನು ಇನ್ನೊಮ್ಮೆ ಓದಿದರು. ಆ ಹದಿನೆಂಟು ಅವರಿಗೆ ಈಗ ಚೆನ್ನಾಗಿ ನೆನಪಾಯಿತು. ಹಿಂದೆ ಒಬ್ಬ ವಿದ್ಯಾರ್ಥಿ ಪ್ರತಿ ಸಲವೂ ಅಲ್ಲಿ ಹದಿನಾರು ಎಂದೇ ಟೈಪ್ ಮಾಡುತ್ತಿದ್ದ. ಪ್ರತಿ ಸಲವೂ ಅವರು ಕೆಂಪು ಗೆರೆ ಎಳೆದು ಅಂಕ ಕಳೆದಿದ್ದರು. ಅವನು ಏನೋ ಹೇಳಲು ಬಾಯಿ ತೆರೆದಾಗ, ಕಂಡದ್ದನ್ನು ಟೈಪ್ ಮಾಡು, ಲೆಕ್ಕ ಕಲಿಸುವ ಶಾಲೆ ಬೇರೆ ಇದೆ ಎಂದು ಗದರಿದ್ದರು. ಮೂರನೇ ಸಲದ ಮೇಲೆ ಅವನು ಮೆಟ್ಟಿಲು ಇಳಿದು ಹೋಗಿ, ಕೆಳಗೆ ಜೆರಾಕ್ಸ್ ಅಂಗಡಿ ಇಟ್ಟ.

ಮಂಡಿ ಬೇಡ ಬೇಡವೆಂದರೂ ಟೀಚರ್ ಆಗಲೇ ಮೆಟ್ಟಿಲಿಳಿದು ಹೋದರು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹಾಳೆಯನ್ನು ಅವನ ಮುಂದಿಟ್ಟು, ಆ ಸಾಲಿನ ಮೇಲೆ ಬೆರಳಿಟ್ಟರು.

“ಹದಿನಾರು. ನೀನು ಟೈಪ್ ಮಾಡಿದ್ದೇ ಸರಿ.”

ಅವನು ಹಾಳೆ ನೋಡಿದ, ಅವರ ಮುಖ ನೋಡಿದ. “ನಾನು ಆವಾಗ ಮನೆಗೆ ಹೋಗಿ ಎಲ್ಲಾ ಮೇಜಿನ ಕಾಲನ್ನೂ ಎಣಿಸಿ ನೋಡಿದ್ದೆ ಟೀಚರ್,” ಎಂದ. “ಎರಡು ಕಾಲು ನನಗೇ ಕಾಣಿಸ್ತಿಲ್ಲವೇನೋ ಅಂತ.”

“ತಪ್ಪು ನಂದು ಕಣಪ್ಪ. ನಾನು ಓದೇ ಇರಲಿಲ್ಲ.”

ಅವನು ತಕ್ಷಣ ಪರವಾಗಿಲ್ಲ ಎನ್ನಲಿಲ್ಲ. ಅದು ಟೀಚರಿಗೆ ಸರಿಯೆನಿಸಿತು. ಹಾಳೆಗಳ ಕಟ್ಟೊಂದನ್ನು ಎತ್ತಿ ಬೇರೆ ಕಡೆ ಇಟ್ಟ, ಮತ್ತೆ ಮೊದಲಿದ್ದಲ್ಲೇ ತಂದಿಟ್ಟ. ಆಮೇಲೆ, ನಾಳೆ ಮಧ್ಯಾಹ್ನ ಬರುತ್ತೇನೆ, ಎರಡೂ ಸಿಸ್ಟಂ ಸರಿಯಾಗಿ ಹಾಕೋಣ ಎಂದ. ಟೀಚರ್ ಈ ಸಲ, ನೀನು ಪಕ್ಕದಲ್ಲಿ ಕೂತು ಹೇಳು, ನಾನೇ ಮಾಡುತ್ತೇನೆ ಎಂದರು. ಬಿಗುಮಾನ ಪೂರಾ ಹೋಗಿರಲಿಲ್ಲ, ಒಂದು ಮೆಟ್ಟಿಲು ಇಳಿದಿತ್ತು ಅಷ್ಟೆ.

ಮರುದಿನ ಅವನು ಬಂದು, ಮೊದಲು ಹಳೆಯದು, ಆಮೇಲೆ ಹೊಸದು ಎಂದು ಕ್ರಮ ಹೇಳಿದ. ಹಳೆಯದನ್ನು ಕೊನೆಗೆ ಹಾಕಿದರೆ ಅದು ಹೊಸದನ್ನು ಬಾಗಿಲಲ್ಲೇ ತಡೆಯುತ್ತದಂತೆ. ಇದನ್ನು ಟೀಚರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬಟನ್ನು ಕಾಣದಿದ್ದರೆ ಒಂದು ಕೀ ಒತ್ತಿ ಹಿಡಿದು ಇಡೀ ಚೌಕವನ್ನೇ ಮೌಸಿನಿಂದ ಮೇಲಕ್ಕೆಳೆಯಬಹುದು ಎಂದು ತೋರಿಸಿದ. ಅವನ ಷರತ್ತು ಒಂದೇ: ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ, ಅರ್ಥ ಹೇಳಿ, ಆಮೇಲೆ ಒತ್ತಬೇಕು. ಟೀಚರ್ ಒಂದನೇ ತರಗತಿಯ ಮಗುವಿನ ಹಾಗೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದರು. ಡಿಸ್ಕನ್ನು ಎರಡು ಪಾಲು ಮಾಡುವ ಪ್ರಶ್ನೆ ಬಂದಾಗ ಹಿಂದಿನ ಕೋಣೆಯಿಂದ ತಮ್ಮನೂ ಬಂದು ನಿಂತ. ಹಳೆಯದಕ್ಕೆ ಎಷ್ಟು, ಹೊಸದಕ್ಕೆ ಎಷ್ಟು ಎಂದು ಮೂವರೂ ಕೂತು ಪಂಚಾಯಿತಿ ಮಾಡಿದರು. ಇಷ್ಟು ಶಾಂತವಾಗಿ ಮುಗಿದ ಪಾಲು ಪಂಚಾಯಿತಿ ತಮ್ಮ ವಂಶದಲ್ಲೇ ಇದು ಮೊದಲನೆಯದು ಎಂದ ತಮ್ಮ.

ಸಂಜೆ ತಂಡದವರು ಬರುವ ಹೊತ್ತಿಗೆ ಎರಡೂ ಸಿಸ್ಟಂ ಸಿದ್ಧವಾಗಿದ್ದವು. ಪರೀಕ್ಷಾ ಕಚೇರಿಯ ಪುಟ ಹೊಸದರಲ್ಲಿ ತೆರೆಯಿತು. ಹಳೆಯದರಲ್ಲಿ ಟೀಚರ್ ಇನ್ನೂರ ಹನ್ನೊಂದು ಪಾಠಗಳನ್ನು ಓದಿ ತಿದ್ದಿ ಮತ್ತೆ ತುಂಬಿಸತೊಡಗಿದರು. ಎಂಬತ್ತೆಂಟನೇ ಪಾಠದಿಂದ ಎರಡು ಕಾಲು ತೆಗೆದರು. ಹಡಗನ್ನು ಬಂದರಿಗೆ ಕಳಿಸಿದರು. ಓದುತ್ತ ಟೈಪ್ ಮಾಡುವುದರಿಂದ ಅವರ ವೇಗ ನಿಮಿಷಕ್ಕೆ ಹದಿನೈದು ಪದ ಇಳಿಯಿತು. ಇದನ್ನು ವಿದ್ಯಾರ್ಥಿಗಳಿಗೆ ತಿಳಿಯದಂತೆ ಬಚ್ಚಿಡಲು ನೋಡಿದರು, ಗಡಿಯಾರ ಹಿಡಿದ ವಿದ್ಯಾರ್ಥಿನಿಯೊಬ್ಬಳು ಮರುದಿನವೇ ಹಿಡಿದುಬಿಟ್ಟಳು.

ಈಗ ನೆಟ್‌ಬುಕ್ ಆನ್ ಮಾಡಿದರೆ, ಯಾವ ಸಿಸ್ಟಂ ಬೇಕೆಂದು ಕೇಳಿ ಹತ್ತು ಸೆಕೆಂಡು ಕಾಯುತ್ತದೆ. ಎಷ್ಟೋ ದಿನ ಟೀಚರಿಗೆ ಸರಿಯಾದ ಕನ್ನಡಕ ಸಿಗುವಷ್ಟರಲ್ಲಿ ಹದಿನೈದು ಸೆಕೆಂಡು ಆಗಿರುತ್ತದೆ. ಅಷ್ಟರಲ್ಲಿ ಅದು ತಾನಾಗಿ ಹೊಸದನ್ನು ತೆರೆದುಕೊಂಡಿರುತ್ತದೆ. ಕಾಯುವ ಹೊತ್ತನ್ನು ಹೆಚ್ಚು ಮಾಡಿಕೊಡುತ್ತೇನೆಂದು ಜೆರಾಕ್ಸ್ ಅಂಗಡಿಯವನು ಎರಡು ಸಲ ಹೇಳಿದ. ಬೇಡವೆಂದರು ಟೀಚರ್. ಹೊಸದು ತೆರೆದ ದಿನ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಅಭ್ಯಾಸ, ಕನ್ನಡಕ ಬೇಗ ಸಿಕ್ಕಿ ಹಳೆಯದು ತೆರೆದ ದಿನ ಪಾಠ ತಿದ್ದುವ ಕೆಲಸ. ವೇಳಾಪಟ್ಟಿ ಯಾರು ಮಾಡುತ್ತಾರೆಂದು ಕೇಳಿದರೆ, ನೆಟ್‌ಬುಕ್ಕಿನ ಕಡೆ ಕೈ ತೋರಿಸುತ್ತಾರೆ.