ಟಿವಿಗೆ ಅಡ್ಡ ನಿಂತ ಕಂಬ

ಬೇರೆಯವರ ಮನೆ ಒಡೆಯುವುದನ್ನು ನೋಡುತ್ತ ಕೂರುವುದು ನನ್ನ ಬಹಳ ದಿನದ ಚಟ. ತಪ್ಪು ತಿಳಿಯಬೇಡಿ, ನಾನು ಹೇಳುತ್ತಿರುವುದು ಸುತ್ತಿಗೆಯಿಂದ ಒಡೆಯುವುದನ್ನು, ಅದೂ ಟಿವಿಯಲ್ಲಿ. ಬಸವಕಲ್ಯಾಣದ ಒಂದು ಪ್ರಾಥಮಿಕ ಶಾಲೆಯಲ್ಲಿ ದಿನವಿಡೀ ಮಗ್ಗಿ ಹೇಳಿಸಿ ಬಂದು, ಕಾಲು ಚಾಚಿ ಚಹಾದ ಕಪ್ಪು ಹಿಡಿದು ಕೂತೆನೆಂದರೆ ಆ ಕಾರ್ಯಕ್ರಮ ಶುರುವಾಗುತ್ತದೆ. ಯಾವುದೋ ದೇಶದ ಗಂಡ ಹೆಂಡತಿ, ಅವರದೊಂದು ಹಳೇ ಮನೆ. ಇಸ್ತ್ರಿ ಕೆಡದ ಅಂಗಿ ತೊಟ್ಟ ನಿರೂಪಕಿ ಬಂದು, ತಲೆಗೆ ಹೆಲ್ಮೆಟ್ ಏರಿಸಿ, ಗೋಡೆಗೆ ಒಂದೇ ಒಂದು ಏಟು ಹಾಕಿ ನಗುತ್ತಾಳೆ. ಅಷ್ಟರಲ್ಲಿ ಜಾಹೀರಾತು. ಅದು ಮುಗಿಯುವುದರೊಳಗೆ ಗೋಡೆಯೂ ಮಾಯ, ಮಣ್ಣೂ ಮಾಯ. ಕೊನೆಗೆ ಮನೆಯವರ ಕಣ್ಣಿಗೆ ಪಟ್ಟಿ ಕಟ್ಟಿ ಕರೆತಂದು, ನಡುಮನೆಯಲ್ಲಿ ನಿಲ್ಲಿಸಿ ಪಟ್ಟಿ ಬಿಚ್ಚುತ್ತಾರೆ. ಅವರು ಅಳುತ್ತಾರೆ. ನಾನೂ ಅಳುತ್ತೇನೆ. ಆಮೇಲೆ ಎದ್ದು ಹೋಗಿ ರೊಟ್ಟಿಗೆ ಹಿಟ್ಟು ನಾದುತ್ತೇನೆ.

ಆ ಮನೆಗಳಲ್ಲಿ ಅತ್ತೆ ಇರುವುದಿಲ್ಲ, ನೀವು ಗಮನಿಸಿದ್ದೀರಾ? ನಾನಂತೂ ಗಮನಿಸಿರಲಿಲ್ಲ. ನಾಯಿ ಇರುತ್ತದೆ, ಅದಕ್ಕೊಂದು ಬೇರೆ ಕೋಣೆಯೂ ಇರುತ್ತದೆ.

ನಮ್ಮದು ಕರಿಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ನಡುಮನೆಯಲ್ಲಿ ಎರಡು ಸಾಗವಾನಿ ಕಂಬ, ಗೋಡೆಯಲ್ಲಿ ದೀಪ ಇಡುವ ಗೂಡುಗಳು. ಹೋದ ಎರಡು ಮಳೆಗಾಲದಲ್ಲಿ ಮಾಳಿಗೆ ಸೋರಿ, ಮನೆಯಲ್ಲಿದ್ದ ಬುಟ್ಟಿ, ಬಕೀಟು, ತಪ್ಪೇಲಿಗಳೆಲ್ಲ ನೀರು ಹಿಡಿಯಲು ನಿಂತವು. ಮಾಳಿಗೆ ಬಿಚ್ಚಿ ಸ್ಲ್ಯಾಬು ಹಾಕಿಸುವುದೆಂದು ತಹಶೀಲ ಕಚೇರಿಯ ಎದುರು ಜೆರಾಕ್ಸ್ ಅಂಗಡಿ ನಡೆಸುವ ನಮ್ಮವರು ತೀರ್ಮಾನಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಬಿಡಬೇಕಲ್ಲ? ಕಂಬ ಬೇಡ, ನಡುವಿನ ಅಡ್ಡಗೋಡೆ ಬೇಡ, ಗೂಡುಗಳನ್ನು ಮುಚ್ಚಿಸಿ, ಬಾಗಿಲಿನಿಂದ ಹಿತ್ತಲವರೆಗೆ ಒಂದೇ ಹಾಲ್ ಆಗಲಿ ಎಂದೆ. ಟಿವಿಯವರು ಅದನ್ನು ‘ಓಪನ್’ ಎನ್ನುತ್ತಾರೆ.

ಗೌಂಡಿ ಖಾಜಾಮಿಯಾ ನಮ್ಮೂರಿನ ಅರ್ಧ ಮನೆಗಳ ಕಲ್ಲು ಮುಟ್ಟಿದವರು. ಮೊಬೈಲಿನಲ್ಲಿ ಅವರಿಗೆ ಒಂದು ಮನೆಯ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು.

“ಇದು ಯಾ ಊರ್ರಿ ಅಕ್ಕೋರೆ?”

“ಅಮೆರಿಕಾದಾಗಿಂದು.”

“ಅಡಗಿ ಮನಿಗಿ ಗ್ವಾಡೀನೇ ಇಲ್ಲಲ್ರಿ. ಒಗ್ಗರಣಿ ಹಾಕಿದ್ರ ಮಂದಿ ಎಲ್ಲಿ ಹೋಗಿ ಕೆಮ್ಮಬೇಕು?”

ಹಿಂದುಳಿದ ವಿಚಾರ ಎಂದು ಮನಸ್ಸಿನಲ್ಲೇ ಷರಾ ಬರೆದುಕೊಂಡೆ. ಈಗ ಮೆಣಸಿನಕಾಯಿ ಹುರಿದ ದಿನ ನಾನು, ನಮ್ಮವರು, ಅತ್ತೆ ಮೂವರೂ ಬೀದಿಗೆ ಹೋಗಿ ಕೆಮ್ಮುತ್ತೇವೆ.

ಮಾಳಿಗೆ ಬಿಚ್ಚಿದ ದಿನ ನನಗೆ ಟಿವಿಯವರ ಮೇಲೆ ಮೊದಲ ಸಲ ಸಿಟ್ಟು ಬಂತು. ಆ ಮಣ್ಣೆಲ್ಲ ಎಲ್ಲಿಗೆ ಹೋಗುತ್ತದೆಂದು ಈ ಜನ ಒಂದು ಕಂತಿನಲ್ಲಾದರೂ ಹೇಳಬಾರದಿತ್ತೇ? ನಮ್ಮ ಮಾಳಿಗೆಯಿಂದ ಇಳಿದ ಮಣ್ಣು ಓಣಿ ತುಂಬಿತು. ಪಕ್ಕದವರ ಉಪ್ಪಿನಕಾಯಿ ಭರಣಿಗೂ ಇಳಿಯಿತು, ನನ್ನ ಡಬ್ಬಿಯ ಪಲ್ಯಕ್ಕೂ ಇಳಿಯಿತು. ಮೂರು ಚೇಳು, ಒಂದು ಹಳೇ ಬೆಳ್ಳಿಯ ಕಾಲುಂಗುರ, ನಮ್ಮವರ ಅಜ್ಜ ಯಾವಾಗಲೋ ಕಳೆದುಕೊಂಡು ಮನೆಯವರನ್ನೆಲ್ಲ ಬೈದಿದ್ದ ಅಡಕತ್ತರಿ, ಎಲ್ಲವೂ ಇಳಿದು ಬಂದವು. ಒಂದು ತಿಂಗಳಿನ ಕೆಲಸ ಎಂದಿದ್ದ ಖಾಜಾಮಿಯಾ ತಂಗಿಯ ಮಗಳ ಮದುವೆಗೆಂದು ಘಾಟಬೋರಾಳಕ್ಕೆ ಹೋದರು. ಆ ಹುಡುಗಿಯ ತೊಟ್ಟಿಲ ಕಾರ್ಯವನ್ನೂ ಮುಗಿಸಿಕೊಂಡೇ ಬರುತ್ತಾರೆ ಎಂದು ನಮ್ಮವರು ಹೇಳಿದರು. ನಾವು ಎದುರು ಮನೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದ್ದೆವು. ಟಿವಿಯಲ್ಲಿ ಮನೆ ಕಟ್ಟಿಸುವವರು ಸ್ನಾನಕ್ಕೆ ಎಲ್ಲಿಗೆ ಹೋಗುತ್ತಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಣ್ಣು ಕೊನೆಗೆ ಮುಡಬಿಗೆ ಹೋಯಿತು. ಅಲ್ಲಿಯ ರೈತರೊಬ್ಬರು ಟ್ರ್ಯಾಕ್ಟರು ತಂದು, ಹಳೇ ಮಾಳಿಗೆಯ ಮಣ್ಣು ಹೊಲಕ್ಕೆ ಒಳ್ಳೆಯದೆಂದು ಅಷ್ಟನ್ನೂ ಬಾಚಿಕೊಂಡು ಹೋದರು. ಟಿವಿಯಲ್ಲಾದರೆ ಇದಕ್ಕೆ ‘ಮರುಬಳಕೆ’ ಎಂದು ಹೆಸರಿಟ್ಟು ಹಿನ್ನೆಲೆಯಲ್ಲಿ ಗಿಟಾರು ಬಾರಿಸುತ್ತಾರೆ. ಆ ರೈತರು ಬೀಡಿ ಹಚ್ಚಿದರು, ಅಷ್ಟೆ. ನಿಜ ಹೇಳಬೇಕೆಂದರೆ ನಮ್ಮೂರಿಗೆ ಮರುಬಳಕೆಯ ಪಾಠ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಎಷ್ಟೋ ರಾಜರು ಕಟ್ಟಿ, ಎಷ್ಟೋ ರಾಜರು ಕೆಡವಿದ ಊರು ಇದು. ಒಬ್ಬರು ಬಿಟ್ಟ ಕಲ್ಲನ್ನು ಇನ್ನೊಬ್ಬರು ಎತ್ತಿಟ್ಟುಕೊಂಡೇ ಬಂದಿದ್ದಾರೆ. ದನದ ಕೊಟ್ಟಿಗೆಯ ಮೆಟ್ಟಿಲನ್ನು ಸರಿಯಾಗಿ ತೊಳೆದು ನೋಡಿದರೆ ಅದರಲ್ಲಿ ಹೂಬಳ್ಳಿ ಇರುತ್ತದೆ. ನಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲನ್ನು ಖಾಜಾಮಿಯಾ ಸರಿಸಲು ಹೋಗಿ ಮಗುಚಿದಾಗ ಅಡಿಯಲ್ಲಿ ಸಾಲಾಗಿ ಐದು ಹಂಸಗಳು ಕಂಡವು. ನಾನು ಹೌಹಾರಿ, ಇತಿಹಾಸ, ಪರಂಪರೆ ಎಂದು ಏನೇನೋ ಮಾತಾಡಿದೆ. ಅತ್ತೆಗೆ ಮಾತ್ರ ಅದು ಹೊಸ ಸುದ್ದಿಯೇ ಆಗಿರಲಿಲ್ಲ.

“ಗೊತ್ತದ. ಮ್ಯಾಲ ಮಾಡಿದ್ರ ಅರಿಬಿ ಹರಿತಾವ ಅಂತ ನಮ್ಮತ್ತಿ ಕೆಳಗ ಮಾಡಿ ಹಾಕ್ಸಿದ್ರು” ಎಂದರು.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರ ಕಣ್ಣಿಗೆ ಐದಾರು ವರ್ಷದಿಂದ ಮಸುಕು. ಬೆಳಕು, ಕತ್ತಲೆ ಇಷ್ಟು ತಿಳಿಯುತ್ತದೆ. ಡಾಕ್ಟರು ಇನ್ನು ಹೆಚ್ಚಿಗೆ ಏನೂ ಆಗದೆಂದು ಹೇಳಿಬಿಟ್ಟಿದ್ದಾರೆ. ಆದರೂ ಹಳೇ ಮನೆಯಲ್ಲಿ ಅವರು ಯಾರ ಕೈಯನ್ನೂ ಹಿಡಿದವರಲ್ಲ. ಹೊರಸಿನಿಂದ ಎದ್ದು, ಗೋಡೆ ಸವರುತ್ತ, ಗೂಡಿಗೆ ಬೆರಳು ತಾಕಿಸಿ, ಬಾಗಿಲ ಚೌಕಟ್ಟು ದಾಟಿ, ಎಡಗಡೆಯ ಕಂಬ ಮುಟ್ಟುತ್ತಿದ್ದರು. ಆ ಕಂಬದಲ್ಲಿ ಸೊಂಟದೆತ್ತರಕ್ಕೆ ಬೆರಳು ಕೂರುವಷ್ಟು ತಗ್ಗಿದೆ. ಆ ಮನೆಯ ಸೊಸೆಯರು ಮಜ್ಜಿಗೆ ಕಡೆಯುವ ಹಗ್ಗವನ್ನು ಅದಕ್ಕೇ ಕಟ್ಟಿ ಎಳೆದೂ ಎಳೆದೂ ಆದ ತಗ್ಗು. ಅತ್ತೆ ಕಡೆದಿದ್ದಾರೆ, ಅವರ ಅತ್ತೆ ಕಡೆದಿದ್ದಾರೆ. ನನ್ನ ಕಾಲಕ್ಕೆ ಪ್ಯಾಕೆಟ್ಟು ಬಂತು. ತಗ್ಗಿಗೆ ಕೈ ಸಿಕ್ಕಿತೆಂದರೆ ಬಲಕ್ಕೆ ತಿರುಗಿ ಎಂಟು ಹೆಜ್ಜೆ, ಬಚ್ಚಲು. ಇದನ್ನೆಲ್ಲ ದಿನಾ ನೋಡುತ್ತಿದ್ದ ನನಗೆ ಇದರಲ್ಲಿ ಒಂದೂ ಕಂಡಿರಲಿಲ್ಲ. ಕಣ್ಣು ನೆಟ್ಟಗಿರುವುದು ನನಗೇ ತಾನೆ?

ಎರಡು ಕಂಬಗಳಲ್ಲಿ ಒಂದನ್ನು ತೊಲೆ, ಜಂತಿಗಳ ಜೊತೆ ಹುಮನಾಬಾದಿನ ಹಳೇ ಕಟ್ಟಿಗೆ ವ್ಯಾಪಾರಿಗೆ ಕೊಟ್ಟೆವು. ಹೊಳೆಯುವ ಟೈಲ್ಸ್ ಆರಿಸಲು ಅದೇ ಊರಿಗೆ ಹೋದಾಗ ಅವನ ಅಡ್ಡಾ ನೋಡಿದೆ. ಮನೆಗಳಿಲ್ಲದ ಬಾಗಿಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಇವನ್ನೆಲ್ಲ ಯಾರು ಒಯ್ಯುತ್ತಾರೆಂದು ಕೇಳಿದೆ. “ಹೈದರಾಬಾದ್ ಹೋಟಲಿನವ್ರು ಒಯ್ತಾರ್ರಿ. ಹಳ್ಳಿ ಮನಿ ಹಂಗ ಕಾಣಬೇಕಂತ” ಎಂದ. ನಾವು ಹಳ್ಳಿಯ ಮನೆ ಬಿಚ್ಚಿ ಹೋಟೆಲಿನ ಹಾಗೆ ಕಟ್ಟಿಸುವುದು, ಅವರು ಆ ಸಾಮಾನು ಒಯ್ದು ಹೋಟೆಲನ್ನು ಹಳ್ಳಿಯ ಮನೆ ಮಾಡುವುದು, ನಡುವೆ ಈ ಪುಣ್ಯಾತ್ಮನ ಹೊಟ್ಟೆ ತಣ್ಣಗಿರುವುದು.

ತಗ್ಗಿದ್ದ ಕಂಬವನ್ನು ಮಾತ್ರ ನಾನು ಕೊಡಲಿಲ್ಲ. ದಯವಿಟ್ಟು ಮೆಚ್ಚಬೇಡಿ. ಹಳೇ ಕಂಬವನ್ನು ಅಲಂಕಾರಕ್ಕೆ ನಿಲ್ಲಿಸುವುದನ್ನು ಟಿವಿಯಲ್ಲಿ ನೋಡಿದ್ದೆ. ಮೂಲೆಯಲ್ಲಿ ನಿಲ್ಲಿಸಿ, ಪಾಲಿಶ್ ಹೊಡೆಸಿ, ಮೇಲೊಂದು ಹಿತ್ತಾಳೆ ಚೊಂಬಿನಲ್ಲಿ ಪ್ಲಾಸ್ಟಿಕ್ ಹೂ ಇಡುವುದೆಂದು ಯೋಜಿಸಿದೆ. ಚೊಂಬು ಕೂರಲು ಅಗಲ ಜಾಗ ಬೇಕು. ಕಂಬದ ಬುಡ ಚೌಕಾಗಿ ಅಗಲವಾಗಿತ್ತು. ಹಾಗಾಗಿ ಬುಡವನ್ನೇ ಮೇಲೆ ಮಾಡಿಸಿದೆ.

“ಬ್ಯಾಡ್ರಿ ಅಕ್ಕೋರೆ” ಎಂದರು ಖಾಜಾಮಿಯಾ. “ಮರ ಹ್ಯಾಂಗ ನಿಂತಿತ್ತೊ ಕಂಬನೂ ಹಂಗೇ ನಿಲ್ಲಬೇಕು. ಬುಡ ಮ್ಯಾಲ ಮಾಡಿದ್ದು ನಾ ಎಲ್ಲೂ ನೋಡಿಲ್ರಿ.”

ಮೂಢನಂಬಿಕೆಯ ಮೇಲೆ ಐದನೇ ತರಗತಿಗೆ ಹೇಳುವ ಪಾಠವನ್ನು ಅವರಿಗೂ ಹೇಳಿದೆ. ಅವರು ತಲೆ ಅಲ್ಲಾಡಿಸಿ, ಮಕ್ಕಳ ಹಾಗೆಯೇ ಒಂದಕ್ಷರವನ್ನೂ ನಂಬದೆ ಕೆಲಸ ಮುಗಿಸಿದರು.

ಮನೆ ಸಿದ್ಧವಾದ ದಿನ ಎದುರು ಮನೆಯಿಂದ ಅತ್ತೆಯನ್ನು ಕೈ ಹಿಡಿದು ಕರೆತಂದೆ. ಹೊಸ್ತಿಲಲ್ಲಿ ನನಗೆ ಅದೇನು ಬಡಿಯಿತೋ, “ಅತ್ತಿ, ಕಣ್ಣು ಮುಚ್ಕೊಳ್ರಿ” ಎಂದೆ.

“ಮುಚ್ಚಿದ್ರೂ ಅಷ್ಟ, ತೆರೆದ್ರೂ ಅಷ್ಟ. ನಡಿ ಯವ್ವಾ” ಎಂದರು.

ನಡುಮನೆಯಲ್ಲಿ ನಿಲ್ಲಿಸಿ ಕೈ ಬಿಟ್ಟೆ. ಅವರು ಅಭ್ಯಾಸದಂತೆ ಎಡಗೈ ಚಾಚಿದರು. ಏನೂ ಸಿಗಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟು ಮತ್ತೆ ಚಾಚಿದರು. ಆಮೇಲೆ ಅಲ್ಲೇ ನಿಂತುಬಿಟ್ಟರು.

“ಹೊಲಕ್ಕ ಕರ್ಕೊಂಡು ಬಂದಿಯೇನ ಯವ್ವಾ?”

ಮನೆ ನೋಡಲು ಬಂದಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅತ್ತೆ ಹೊಗಳಿದರೆಂದೇ ತಿಳಿದೆ.

ಮೊದಲ ವಾರ ಅವರು ಎದ್ದಾಗಲೆಲ್ಲ ನನ್ನನ್ನು ಕೂಗುತ್ತಿದ್ದರು, ನಾನು ಹೋಗಿ ಬಚ್ಚಲವರೆಗೆ ಕೈ ಹಿಡಿಯುತ್ತಿದ್ದೆ. ನಾನು ಶಾಲೆಗೆ ಹೋದಾಗ ಎದುರು ಮನೆಯವರು ಬರುತ್ತಿದ್ದರು. ಆಮೇಲೆ ಕೂಗುವುದು ಕಡಿಮೆಯಾಯಿತು. ಹೊಸ ಮನೆಗೆ ಹೊಂದಿಕೊಂಡರೆಂದು ನಾನು ನಮ್ಮವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡೆ. ದಿನಕ್ಕೆ ಮೂರು ಸಲ ಚಹಾ ಕುಡಿಯುತ್ತಿದ್ದವರು ಒಂದಕ್ಕೆ ಇಳಿದರು, ಹೊರಸಿನ ಹತ್ತಿರ ಇಟ್ಟ ತಂಬಿಗೆಯ ನೀರು ಸಂಜೆಗೂ ಹಾಗೇ ಇರುತ್ತಿತ್ತು. ಅದಕ್ಕೂ ನನ್ನ ಹತ್ತಿರ ಕಾರಣ ಸಿದ್ಧವಿತ್ತು: ಮುನಿಸು. ಒಂದು ದಿನ ಉರಿಮೂತ್ರ, ಜ್ವರ ಎಂದು ಮಲಗಿದಾಗ ಡಾಕ್ಟರ ಬಳಿ ಕರೆದುಕೊಂಡು ಹೋದೆ. ನೀರೇ ಕುಡಿಯುತ್ತಿಲ್ಲವಲ್ಲ, ಯಾಕೆ ಎಂದು ಅವರು ಕೇಳಿದರು.

“ನೀರು ಕುಡಿದ್ರ ಬಚ್ಚಲಿಗಿ ಹೋಗಬೇಕಾಗ್ತದ್ರಿ” ಎಂದರು ಅತ್ತೆ, ತಮ್ಮದೇ ತಪ್ಪೆನ್ನುವ ದನಿಯಲ್ಲಿ. “ಹೋಗಬೇಕಂದ್ರ ಯಾರನ್ನರೆ ಕರೀಬೇಕು. ಸೊಸಿ ಸಾಲಿಂದ ದಣದು ಬಂದಿರ್ತಾಳ. ಕೂತು ಟಿವಿ ನೋಡಾಕತ್ತಿರ್ತಾಳ. ಹ್ಯಾಂಗ ಕರೀಲಿ?”

ಡಾಕ್ಟರು ನನ್ನ ಕಡೆ ನೋಡಿದರು. ನನಗೆ ಆಗ ಆದ ನಾಚಿಕೆ ಇಷ್ಟು ವರ್ಷದ ಕೆಲಸದಲ್ಲಿ ಯಾವ ಶಾಲಾ ಇನ್‌ಸ್ಪೆಕ್ಟರ ಮುಂದೆಯೂ ಆಗಿರಲಿಲ್ಲ. ಅತ್ತೆಗೆ ಅವರ ಮನೆಯೊಳಗೇ ದಾರಿ ಇಲ್ಲದ ಹಾಗೆ ಮಾಡಿದವಳು ನಾನು. ಅದನ್ನು ಚಂದ ಎಂದು ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದವಳೂ ನಾನೇ.

ಮನೆಗೆ ಬಂದು ಅವರನ್ನು ಮೂಲೆಯ ಕಂಬದ ಹತ್ತಿರ ಕರೆದೊಯ್ದೆ. ಕೈ ಸೊಂಟದ ಮಟ್ಟದಲ್ಲಿ ಹುಡುಕಿತು, ಕೆಳಗೆ ಇಳಿಯಿತು, ಮೇಲೆ ಏರಿತು. ಭುಜದ ಹತ್ತಿರ ತಗ್ಗು ಸಿಕ್ಕಿತು.

“ಇದನ್ನ ತಲಿ ಕೆಳಗ ಮಾಡಿ ನಿಂದ್ರಿಸೀರಲ್ಲ” ಎಂದು ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದರು.

ಖಾಜಾಮಿಯಾ ಬಂದರು. ನಾ ಹೇಳಿದ್ದೆ ಎಂದು ಅವರು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂದು ಅತ್ತೆಯನ್ನೇ ಕೇಳಿದರು. ಅತ್ತೆ ಹೊರಸಿನಿಂದ ಎದ್ದು, ಇಲ್ಲದ ಗೂಡನ್ನು ಮುಟ್ಟಿ, ಇಲ್ಲದ ಚೌಕಟ್ಟು ದಾಟಿ, ನಾಲ್ಕು ಹೆಜ್ಜೆ ನಡೆದು, ಹೊಳೆಯುವ ಟೈಲ್ಸಿನ ಮೇಲೆ ಹಿಮ್ಮಡಿಯಿಂದ ತಟ್ಟಿದರು. “ಇಲ್ಲೇ.” ಖಾಜಾಮಿಯಾ ಆ ಟೈಲ್ಸನ್ನು ಒಡೆದಾಗ ಅದರ ಕೆಳಗೆ, ತಾವೇ ಮುಚ್ಚಿ ಮರೆತಿದ್ದ ಕಂಬದ ಹಳೇ ಅಡಿಗಲ್ಲು ಸಿಕ್ಕಿತು. ಅತ್ತೆಯ ಹಿಮ್ಮಡಿ ಬೆರಳಿನಷ್ಟೂ ತಪ್ಪಿರಲಿಲ್ಲ. ಗೂಡುಗಳ ಗಾರೆಯನ್ನೂ ಅದೇ ದಿನ ಕೆತ್ತಿ ತೆರೆಸಿದೆ. ಅಡ್ಡಗೋಡೆ ಇದ್ದ ಕಡೆ ಅತ್ತೆ ಹಿಡಿದು ನಡೆಯಲೆಂದು ಒಂದು ಮೋಟುಗೋಡೆ ಎದ್ದಿತು.

ಈಗ ನಮ್ಮ ಹಾಲಿನ ನಟ್ಟನಡುವೆ ಒಂದು ಕಂಬ ಇದೆ, ಬುಡ ಕೆಳಗೆ, ತಲೆ ಮೇಲೆ. ಸ್ಲ್ಯಾಬು ಎತ್ತರವಾಗಿರುವುದರಿಂದ ಅದು ಛಾವಣಿಗೆ ಮುಟ್ಟುವುದಿಲ್ಲ. ನಡುವೆ ಒಂದು ಮೊಳ ಗಾಳಿ. ನಾನು ಕೂರುವ ಕುರ್ಚಿಗೂ ಟಿವಿಗೂ ಸರಿಯಾಗಿ ಅಡ್ಡ ಬಂದಿದೆ. ಆ ಕಾರ್ಯಕ್ರಮವನ್ನು ಈಗಲೂ ನೋಡುತ್ತೇನೆ, ಚಟ ಬಿಟ್ಟಿಲ್ಲ. ಆದರೆ ಗಂಡ ಕಂಡರೆ ಹೆಂಡತಿ ಕಾಣುವುದಿಲ್ಲ, ಪಟ್ಟಿ ಬಿಚ್ಚುವಾಗ ಅಳುವವರಲ್ಲಿ ಒಬ್ಬರ ಅಳು ಮಾತ್ರ ನನ್ನ ಪಾಲಿಗೆ.

ಮೊನ್ನೆ ಹುಮನಾಬಾದಿನಿಂದ ನನ್ನ ತವರಿನ ಕಡೆಯ ನೆಂಟರೊಬ್ಬರು ಬಂದಿದ್ದರು, ತಾವೂ ಹೊಸದಾಗಿ ಮನೆ ಕಟ್ಟಿಸಬೇಕೆಂದಿರುವವರು. ಕಂಬವನ್ನು ಒಂದು ಸುತ್ತು ಹಾಕಿ, ಮೇಲೆ ಕೆಳಗೆ ನೋಡಿ, ನನ್ನ ಮುಖ ನೋಡಿ, ಕೊನೆಗೆ ಅತ್ತೆಯನ್ನೇ ಕೇಳಿದರು.

“ಇದೇನ್ರಿ ಅಮ್ಮ, ನಡು ಮನಿಯಾಗ ಕಂಬ? ಮ್ಯಾಲ ಏನೂ ಹಿಡದೇ ಇಲ್ಲಲ್ಲ?”

ಅತ್ತೆ ಅವತ್ತಿನ ಮೂರನೇ ಚಹಾ ಕುಡಿಯುತ್ತಿದ್ದರು.

“ನಮ್ಮ ಸೊಸಿ ಟಿವಿಯಾಗ ನೋಡಿ ಹಾಕ್ಸ್ಯಾಳ್ರಿ” ಎಂದು ಹೇಳಿ, ಕಪ್ಪು ಬದಿಗಿಟ್ಟು ಎದ್ದು, ತಗ್ಗಿಗೆ ಕೈ ಹಚ್ಚಿ, ಬಲಕ್ಕೆ ತಿರುಗಿ ಬಚ್ಚಲಿಗೆ ಹೋದರು.