ನೋವಿಲ್ಲದ ಕಾಯಿಲೆ

ನನಗೆ ಏನೂ ಆಗಿರಲಿಲ್ಲ. ನೋವಿಲ್ಲ, ಜ್ವರವಿಲ್ಲ. ಕಡಕೊಳದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವ ಕೆಲಸ ನನ್ನದು. ಊಟದ ಹಾಲ್‌ಗೆ ಪರದೆ ಕಟ್ಟಿ ಹೆಂಗಸರಿಗೆ ಕ್ಯಾನ್ಸರ್ ಸ್ಕ್ರೀನಿಂಗ್ ಕ್ಯಾಂಪ್ ಮಾಡಿದರು. ಪಕ್ಕದ ಮಿಷಿನ್‌ನ ಪುಟ್ಟಲಕ್ಷ್ಮಿಯೂ ನಾನೂ ಒಟ್ಟಿಗೇ ಹೋದೆವು. ಉಳಿದವರೆಲ್ಲ ನಗುತ್ತ ಕೆಲಸಕ್ಕೆ ಮರಳಿದರು. ನಮ್ಮಿಬ್ಬರನ್ನು ಮಾತ್ರ ಕೂರಿಸಿಕೊಂಡರು.

ಗರ್ಭಕೋಶದ ಬಾಯಲ್ಲಿ ಬಿಳಿ ಕಲೆ.

ಕ್ಯಾನ್ಸರ್ ಎಂದು ಹೇಳಲಾಗದು, ಅಲ್ಲ ಎಂದೂ ಹೇಳಲಾಗದು, ಆಸ್ಪತ್ರೆಗೆ ಹೋಗಿ ಬಯಾಪ್ಸಿ ಮಾಡಿಸಿ ಎಂದರು ಡಾಕ್ಟರಮ್ಮ. ಸಂಜೆ ಪರದೆ ಬಿಚ್ಚಿಕೊಂಡು ವ್ಯಾನ್ ಹತ್ತಿದರು. ಯಾರನ್ನು ನೋಡಬೇಕು, ಯಾವ ದಿನ ಹೋಗಬೇಕು ಎಂದು ಕೇಳಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಇಬ್ಬರೂ ರಜೆ ಹಾಕಿ ಮೈಸೂರಿನ ಆಸ್ಪತ್ರೆಗೆ ಹೋದೆವು. ಆ ಪರೀಕ್ಷೆ ಗುರುವಾರ ಮಾತ್ರವಂತೆ. ಗುರುವಾರ ಹೋದರೆ ಡಾಕ್ಟರು ರಜೆ. ಮೂರನೇ ಸಲ ರಜೆ ಕೇಳಿದಾಗ ಸೂಪರ್‌ವೈಸರ್, ಹೀಗೇ ಆದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದ. ಪುಟ್ಟಲಕ್ಷ್ಮಿಗೆ ಗಂಡನಿಲ್ಲ. ಅವಳ ದುಡಿಮೆಯಲ್ಲೇ ಇಬ್ಬರು ಹೆಣ್ಣುಮಕ್ಕಳು ಓದಬೇಕು.

"ನೋವೇ ಇಲ್ವಲ್ಲಕ್ಕ," ಎಂದಳು. "ಇಲ್ದಿರೋ ಕಾಯ್ಲೆಗೆ ಇರೋ ಕೆಲ್ಸ ಕಳ್ಕಬುಡ್ಲಾ?"

ನನ್ನ ಗಂಡ ಆಟೋ ಓಡಿಸುತ್ತಾನೆ. ನನ್ನ ಕೆಲಸ ಹೋದರೂ ಒಲೆ ಉರಿಯುತ್ತದೆ. ಮುಂದಿನ ಗುರುವಾರ ಅವನೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಗೇಟಿನ ಹತ್ತಿರ ಆಟೋ ನಿಲ್ಲಿಸಿ, "ಅವ್ವಂಗೆ ಏಳ್ಬ್ಯಾಡ," ಎಂದ. ಅವನಿಗೂ ಭಯವಾಗಿದೆ ಎಂದು ಆಗ ತಿಳಿಯಿತು.

ರಿಪೋರ್ಟ್‌ಗೆ ಕಾಯುವಾಗ ಕಾಲರ್‌ಗಳನ್ನು ತಪ್ಪಾಗಿ ಹೊಲಿದು ಮತ್ತೆ ಬಿಚ್ಚುತ್ತಿದ್ದೆ. ರಿಪೋರ್ಟ್ ಬಂತು; ನನ್ನದು ಕ್ಯಾನ್ಸರ್ ಆಗಿರಲಿಲ್ಲ. ಹಾಗೇ ಬಿಟ್ಟರೆ ಆಗುವಂಥದ್ದು. ಕಲೆಯಿದ್ದ ಅಷ್ಟು ಭಾಗ ತೆಗೆದು, ಆರು ತಿಂಗಳಿಗೊಮ್ಮೆ ಚೆಕಪ್‌ಗೆ ಬರಲು ಹೇಳಿ ಮನೆಗೆ ಕಳಿಸಿದರು. ನೀನೂ ಹೋಗಿ ಮಾಡಿಸಿಕೋ ಎಂದು ಪುಟ್ಟಲಕ್ಷ್ಮಿಗೆ ನಾನು ಹೇಳುತ್ತಲೇ ಇದ್ದೆ. ಹಬ್ಬ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಅವಳು ಮುಂದೂಡುತ್ತಲೇ ಇದ್ದಳು.

ಬೇಸಿಗೆಯಲ್ಲೊಂದು ದಿನ, ಮಿಷಿನ್ ಮುಂದೆ ಕೂತವಳಿಗೆ ರಕ್ತ ಹೋಗತೊಡಗಿತು.

ಆ ದಿನ ಯಾರೂ ರಜೆ ಕೇಳಬೇಕಾಗಲಿಲ್ಲ. ಸೂಪರ್‌ವೈಸರೇ ಗಾಡಿ ತರಿಸಿದ.

ಅದೇ ಆಸ್ಪತ್ರೆಯಲ್ಲಿ ನೋಡಿದರೆ ಗಡ್ಡೆ ಅಕ್ಕಪಕ್ಕಕ್ಕೂ ಹರಡಿತ್ತು. ಕ್ಯಾಂಪಿನಲ್ಲಿ ಹೇಳಿದ್ದರೂ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಡಾಕ್ಟರು ಗದರಿದರು. ಅವಳು ತಲೆ ಎತ್ತಲಿಲ್ಲ.

"ಬಂದಿದ್ವಿ ಸಾರ್," ಎಂದೆ ನಾನು. "ಎಲ್ಡ್ ಸಲ ಬಂದಿದ್ವಿ. ಇಲ್ಲಿ ಯಾರೂ ನೋಡ್ನಿಲ್ಲ."

ಡಾಕ್ಟರು ಅವಳ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಆಮೇಲೆ ರೇಡಿಯೇಷನ್, ಕೀಮೋ ಎಂದು ಮೆಲ್ಲಗೆ ವಿವರಿಸಿದರು.

ಈಗ ರೇಡಿಯೇಷನ್ ಮುಗಿದಿದೆ. ಗುಣವಾಯಿತೇ ಎಂದರೆ, ಸ್ಕ್ಯಾನ್ ಆಗಲಿ ಎನ್ನುತ್ತಾರೆ. ಅನ್ನದ ವಾಸನೆಗೇ ಓಕರಿಸುತ್ತಿದ್ದವಳು ಮೊನ್ನೆ ಮೊಸರನ್ನ ಕೇಳಿ ತಿಂದಳು. ನಾನು ಬದುಕಿಕೊಂಡೆ ಎಂಬ ಸಮಾಧಾನವನ್ನು ಅವಳೆದುರು ಹೇಳಿಕೊಳ್ಳಲು ನನಗೆ ಬಾಯಿ ಬರುವುದಿಲ್ಲ. ಅದು ಅವಳಿಗೂ ಗೊತ್ತು. ಕೈ ಹಿಡಿದುಕೊಂಡು, "ನೀನಾದ್ರೂ ಉಳ್ಕಂಡ್ಯಲ್ಲ, ಬುಡಕ್ಕ," ಎಂದಳು.

ಬರುವ ವಾರ ನನ್ನ ಚೆಕಪ್. ರಜೆ ಇನ್ನೂ ಸಿಕ್ಕಿಲ್ಲ. ಕೆಲಸ ಹೋದರೆ ಹೋಗಲಿ ಎನ್ನುವ ಧೈರ್ಯ ನನಗಿನ್ನೂ ಬಂದಿಲ್ಲ.

ಆದರೂ ಹೋಗುತ್ತೇನೆ.